ಅಟ್ಟ ನೋಡಲು ಬಂದವರು

ಭೀಮರಾಜುವಿಗೆ ಹೆಂಡತಿ ಇರಲಿಲ್ಲ. ವಯಸ್ಸು ಮೂವತ್ತೇಳಾಗಿತ್ತು. ಎರಡು ಎಕರೆ ತೆಂಗಿನ ತೋಟವಿತ್ತು, ಬೈಕಿತ್ತು, ಅರ್ಧಕ್ಕೆ ಬಿಟ್ಟ ಬಿ.ಎ. ಇತ್ತು, ಗಟ್ಟಿಮುಟ್ಟಾದ ತಾಯಿ ಚಿಕ್ಕಗಂಗಮ್ಮ ಇದ್ದಳು, ಕೊಟ್ಟಿಗೆಯಲ್ಲಿ ಎರಡು ಹಸು ಇದ್ದವು. ಹೆಣ್ಣು ಕೊಡುವವರು ಮಾತ್ರ ಇರಲಿಲ್ಲ.

ತಪ್ಪು ಅವನದಲ್ಲ, ಊರಿನದು ಎಂದು ಊರಿನವರೇ ಒಪ್ಪಿಕೊಂಡಿದ್ದರು. ಮೇಗಲಬೋರೆ ಎಂಬ ಆ ಊರು ಚಿಕ್ಕನಾಯಕನಹಳ್ಳಿಯ ಆಚೆ, ಒಣಗುಡ್ಡವೊಂದರ ನೆತ್ತಿಯ ಮೇಲೆ ಕೂತಿದೆ. ಇರುವುದು ಹದಿನಾಲ್ಕು ಮನೆ. ತೋಟಗಳೆಲ್ಲ ಕೆಳಗೆ ಕಣಿವೆಯಲ್ಲಿವೆ. ಯಾವ ಕಾಲದಲ್ಲೋ ಯಾರಿಗೋ ಹೆದರಿ ಹಿರಿಯರು ಗುಡ್ಡ ಹತ್ತಿದರಂತೆ. ಹೆದರಿಸಿದವರು ಸತ್ತು ಮಣ್ಣಾದ ಮೇಲೂ ಇಳಿಯಬೇಕೆಂದು ಯಾರಿಗೂ ಹೊಳೆಯಲಿಲ್ಲ. ಹೀಗಾಗಿ ಕಾಯನ್ನು ಕೆಳಗೆ ಕೆಡವಿ, ಟ್ರ್ಯಾಕ್ಟರಿನಲ್ಲಿ ಮೇಲಕ್ಕೆ ಹತ್ತಿಸಿ, ವರ್ಷವೊಪ್ಪತ್ತು ಅಟ್ಟದ ಮೇಲೆ ಅಲುಗಾಡಿಸದೆ ಇಟ್ಟು, ಒಳಗಿನ ನೀರು ಇಂಗಿ ಕೊಬ್ಬರಿಯಾದ ಮೇಲೆ ಮತ್ತೆ ಕೆಳಕ್ಕಿಳಿಸಿ ತಿಪಟೂರಿಗೆ ಸಾಗಿಸುತ್ತಾರೆ. ಕೆಳಗೇ ಒಂದು ಅಟ್ಟ ಕಟ್ಟಿಕೊಂಡರೆ ಆಗದೇ ಎಂದು ಕೇಳಿದ ಹೊರಗಿನವರಿಗೆಲ್ಲ, "ಮ್ಯಾಲಿನ ಗಾಳಿ ಬ್ಯಾರೆ ಕಣ್ರೀ" ಎಂಬ ಒಂದೇ ಉತ್ತರ ಸಿಗುತ್ತದೆ.

ಗಾಳಿ ಬೇರೆಯೇ ಇರಬಹುದು. ಆದರೆ ಬಸ್ಸು ಕೆಳಗಿನ ಕ್ರಾಸಿಗೇ ನಿಂತುಬಿಡುತ್ತದೆ. ಬೇಸಿಗೆಯಲ್ಲಿ ಕೊಡ ಹಿಡಿದು ಅರ್ಧ ಗುಡ್ಡ ಇಳಿಯಬೇಕು. ಹಲಸಿನ ಕಾಲಕ್ಕೂ ರಾಗಿ ಕಟಾವಿಗೂ ಕರಡಿ ಬರುತ್ತದೆ. ಇಂಥಲ್ಲಿಗೆ ಮಗಳನ್ನು ಕೊಡುವಷ್ಟು ವೈರ ಯಾವ ತಂದೆಗೂ ಮಗಳ ಮೇಲೆ ಇರುವುದಿಲ್ಲ. ಒಂಬತ್ತು ಗಂಡುಗಳು ಮೂವತ್ತು ದಾಟಿ, ಸಂಜೆಯಾದರೆ ಊರ ಮುಂದಿನ ಬಂಡೆಯ ಮೇಲೆ ಕುರಿಗಳ ಹಾಗೆ ಸಾಲಾಗಿ ಕೂತು, ಕೆಳಗಿನ ರಸ್ತೆಯಲ್ಲಿ ಹೋಗುವ ಮದುವೆ ದಿಬ್ಬಣದ ಬಸ್ಸುಗಳನ್ನು ನೋಡುತ್ತಿದ್ದರು. ಇನ್ನೊಬ್ಬರ ಮದುವೆಯ ಬ್ಯಾಂಡ್ ಸೆಟ್ಟು ಗುಡ್ಡದ ಮೇಲೆ ಬಹಳ ಸ್ಪಷ್ಟವಾಗಿ ಕೇಳುತ್ತಿತ್ತು.

ಇಂಥ ಹೊತ್ತಿನಲ್ಲಿ ಗಿರಿಜಾಂಬಿಕಾ ಮೇಡಂ ಒಂದು ಸಂಬಂಧ ಹಿಡಿದು ತಂದರು. ಹೈಸ್ಕೂಲಿನಿಂದ ನಿವೃತ್ತರಾದ ಮೇಲೆ ಅವರು ತಿಪಟೂರಿನಲ್ಲಿ ಗಂಡುಹೆಣ್ಣು ಕೂಡಿಸುವ ಕೆಲಸ ಹಿಡಿದಿದ್ದರು. ಹುಡುಗಿ ಪವಿತ್ರಾ, ತುರುವೇಕೆರೆ ತಾಲ್ಲೂಕಿನ ಸಂಪಿಗೆ ಬಳಿಯ ಹಳ್ಳಿಯವಳು. ಖಾಸಗಿ ಶಾಲೆಯೊಂದರಲ್ಲಿ ಮೇಷ್ಟ್ರ ಕೆಲಸ, ಮೂವತ್ತು ವರ್ಷ, ಈಗಾಗಲೇ ಏಳು ಗಂಡುಗಳನ್ನು ಬೇಡವೆಂದವಳು. ಭೀಮರಾಜು ಹೋಗಿ ನೋಡಿ ಬಂದಿದ್ದ. ಅವಳು ಬೇಡ ಅಂದಿರಲಿಲ್ಲ. ಮೇಗಲಬೋರೆಯ ಇತಿಹಾಸದಲ್ಲಿ ಇದು ಹೂಂ ಅಂದದ್ದಕ್ಕೆ ಸಮ.

ಇನ್ನು ಹೆಣ್ಣಿನ ಕಡೆಯವರು ಮನೆ ನೋಡಲು ಬರಬೇಕಿತ್ತು. ಮನೆ ನೋಡುವುದು ಎಂದರೆ ಈ ಸೀಮೆಯಲ್ಲಿ ಅಟ್ಟ ನೋಡುವುದು. ಗಂಡಿನ ಮುಖವನ್ನು ಆಮೇಲೆ ನೋಡಿದರೂ ಆಗುತ್ತದೆ. ಬಂದ ಹಿರಿಯರು ಹೊಸ್ತಿಲು ದಾಟುತ್ತಲೇ, ದೇವರಿಗೆ ಕೈಮುಗಿಯುವವರಂತೆ ತಲೆ ಮೇಲಕ್ಕೆತ್ತುತ್ತಾರೆ. ಅಟ್ಟ ತುಂಬಿದ್ದರೆ ಕೂತು ಕಾಫಿ ಕುಡಿಯುತ್ತಾರೆ. ಖಾಲಿಯಿದ್ದರೆ ಯಾರದೋ ಸಾವಿಗೆ ಹೋಗಬೇಕಾದದ್ದು ನೆನಪಾಗುತ್ತದೆ.

ಭೀಮರಾಜುವಿನ ಅಟ್ಟ ಆ ವರ್ಷ ಮುಕ್ಕಾಲು ಖಾಲಿ. ಅರ್ಧ ಫಸಲನ್ನು ಅವನು ಎಳನೀರಿಗೇ ಕೊಟ್ಟುಬಿಟ್ಟಿದ್ದ. ಕೊಟ್ಟಿಗೆಯ ಮೇಲಿನ ಅಟ್ಟದ ಒಂದು ಮೂಲೆಯಲ್ಲಿ ಮೂರು ಸಾವಿರ ಕಾಯಿ, ಹನ್ನೊಂದು ತಿಂಗಳು ಒಣಗಿ, ಒಳಗೆ ಉಂಡೆ ಕೊಬ್ಬರಿ ಲೊಡಲೊಡ ಅನ್ನುತ್ತ ಬಿದ್ದಿದ್ದವು.

"ಇಷ್ಟೇನಾ?" ಗಿರಿಜಾಂಬಿಕಾ ಮೇಡಂ ತಪ್ಪು ಲೆಕ್ಕ ಮಾಡಿದ ಹುಡುಗನನ್ನು ನೋಡುವಂತೆ ನೋಡಿದರು. "ಹುಡುಗಿಯ ಅಪ್ಪ ಶ್ರೀರಂಗಯ್ಯನವರ ಮನೇಲಿ ಹನ್ನೆರಡು ಸಾವಿರ ಕಾಯಿ ಬಿದ್ದಿದೆ. ಅವರ ಮುಂದೆ ಇದನ್ನ ತೋರಿಸ್ತೀಯೇನಪ್ಪಾ?"

"ಇರೋದೇ ಇಷ್ಟಲ್ವಾ ಮೇಡಂ."

"ನಿನ್ನತ್ರ ಇರೋದು ಇಷ್ಟು. ಊರಲ್ಲಿ ಇರೋದೆಷ್ಟು?"

ಈ ಪ್ರಶ್ನೆ ಹದಿನಾಲ್ಕು ಮನೆಗೂ ಹಬ್ಬಲು ಒಂದು ಗಳಿಗೆ ಸಾಕಾಯಿತು. ಎಲ್ಲರಿಗಿಂತ ಮೊದಲು ಓಡಿಬಂದವಳು ಎದುರುಮನೆಯ ರಾಮಕ್ಕ. ಅವಳ ಮಗನೂ ಬಂಡೆಯ ಮೇಲಿನ ಸಾಲಿನಲ್ಲಿ ಮೂರನೆಯವನು.

"ನಮ್ಮನೇವು ಸಾವಿರ ಹಾಕ್ಕಳ್ಲಾ ಭೀಮ," ಅಂದಳು. "ಒಂದು ಹೆಣ್ಣು ಗುಡ್ಡ ಹತ್ತಿದ್ರೆ ಅದ್ರ ಹಿಂದೆ ಇನ್ನೊಂದು ಹತ್ತುತೈತೆ. ಕುರಿ ಇದ್ದಂಗೆ. ನಾಳೆ ನನ್ ಮಗುಂಗೆ ಬಂದಾಗ ನಿನ್ನವೂ ಸೇರಿಸಿ ಎಲ್ಲಾನೂ ನಮ್ಮ ಅಟ್ಟುಕ್ ಬರ್ಬೇಕು, ಅಷ್ಟೇಯ."

ಅದೇ ಒಪ್ಪಂದದ ಮೇಲೆ ಉಳಿದವರೂ ಕೊಟ್ಟರು. ಕೊಡುವಾಗ ಯಾರೂ ಒಣಕಾಯಿ ಕೊಡಲಿಲ್ಲ. ಮೊನ್ನೆಮೊನ್ನೆ ಕೆಡವಿದ, ನೀರು ತುಂಬಿ ಕಲ್ಲಿನಂತೆ ಭಾರವಾಗಿದ್ದ ಹಸಿಕಾಯನ್ನೇ ಆರಿಸಿ ಆರಿಸಿ ಕೊಟ್ಟರು. ಉಪಕಾರಕ್ಕೂ ಒಂದು ಮಿತಿ ಇದೆ.

ಚಿಕ್ಕಗಂಗಮ್ಮ ಮಾತ್ರ ಅಡ್ಡ ಬಂದಳು. "ಒಣಗಿದ್ರ ಮ್ಯಾಲೆ ಹಸೀದು ಹಾಕ್ಬ್ಯಾಡ್ರೋ. ಅಟ್ಟ ಕಟ್ಸಿದ್ದು ನಮ್ಮಾವ್ನ ಕಾಲ್ದಾಗೆ. ಅದುಕ್ಕೂ ನನ್ನಂಗೆ ವಯಸ್ಸಾಗೈತೆ."

"ಒಂದೇ ದಿನ ಕಣವ್ವಾ," ಅಂದ ಭೀಮರಾಜು.

"ಒಂದೇ ದಿನ ಅಂತ್ಲೇ ನಾನೂ ಈ ಊರಿಗ್ ಬಂದಿದ್ದು," ಎಂದು ಅವಳು ಹಸು ಬಿಡಲು ಹೋದಳು.

ಒಂಬತ್ತು ಬ್ರಹ್ಮಚಾರಿಗಳು ಸಾಲಾಗಿ ನಿಂತು ಕೈಯಿಂದ ಕೈಗೆ ಕಾಯಿ ದಾಟಿಸಿದರು. ಅಷ್ಟು ಒಗ್ಗಟ್ಟಿನಿಂದ ಆ ಊರು ಕೆರೆಯ ಹೂಳನ್ನೂ ಎತ್ತಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅಟ್ಟ ಸೂರು ಮುಟ್ಟಿತ್ತು. ಗಿರಿಜಾಂಬಿಕಾ ಮೇಡಂ ಎಲ್ಲರನ್ನೂ ಅಂಗಳದಲ್ಲಿ ನಿಲ್ಲಿಸಿ ಕೊನೆಯ ಪಾಠ ಹೇಳಿದರು. "ಕರಡಿ ಅನ್ನೋ ಮಾತು ಯಾರ ಬಾಯಲ್ಲೂ ಬರಬಾರದು. ಬಸ್ಸು ಬರತ್ತಾ ಅಂತ ಕೇಳಿದರೆ ಬರತ್ತೆ ಅನ್ನಿ. ಯಾವಾಗ ಅಂತ ಹೇಳೋಕೆ ಹೋಗಬೇಡಿ. ನೀರಿನ ವಿಷಯ ಬಂದರೆ ನಗ್ತಾ ಇರಿ."

ಮರುದಿನ ಹತ್ತು ಗಂಟೆಗೆ ಹೆಣ್ಣಿನ ಕಡೆಯವರ ಕಾರು ಏದುಸಿರು ಬಿಡುತ್ತ ಗುಡ್ಡ ಹತ್ತಿತು. ಮೊದಲು ಇಳಿದವನು ಹುಡುಗಿಯ ಸೋದರಮಾವ ರವಿಕಿರಣ್. ತಿಪಟೂರಿನ ಕೊಬ್ಬರಿ ಮಂಡಿಗಳಲ್ಲಿ ಓಡಾಡಿಕೊಂಡು, ನಡುನಡುವೆ ಸೈಟು ಮಾರಿಸುವವನು. ಅವನು ಸೊಂಟದ ಮೇಲೆ ಕೈಯಿಟ್ಟು ಕಣಿವೆಯ ಕಡೆ ತಿರುಗಿ, ಗಾಳಿಯನ್ನು ಪುಕ್ಕಟೆ ಸಿಕ್ಕ ಪಾನಕದಂತೆ ಎಳೆದುಕೊಂಡ.

"ಭಾವಾ, ಇದು ಹಳ್ಳಿ ಅಲ್ಲ ಕಣ್ರೀ, ಹಿಲ್ ಸ್ಟೇಷನ್ನು! ಈ ಬಂಡೆ ಮೇಲೆ ನಾಲ್ಕು ಟೆಂಟ್ ಹಾಕಿ, ರಾಗಿಮುದ್ದೆ ಉಪ್ಸಾರು ಕೊಟ್ರೆ, ಬೆಂಗಳೂರಿನೋರು ಶನಿವಾರ ಭಾನುವಾರ ಕ್ಯೂ ನಿಲ್ತಾರೆ."

ಅವನ ಭಾವ ಶ್ರೀರಂಗಯ್ಯ ಪಂಚೆ ಸರಿಮಾಡಿಕೊಂಡರು. ಅವರಿಗೆ ನೋಟದಲ್ಲಿ ಆಸಕ್ತಿ ಇರಲಿಲ್ಲ. ಕಾರಿನ ಹಿಂದಿನ ಬಾಗಿಲಿಂದ ಪವಿತ್ರಾ ಇಳಿದಳು. ಹಿಂದೆಲ್ಲ ಮನೆ ನೋಡಲು ಹೆಣ್ಣು ಬರುತ್ತಿರಲಿಲ್ಲ. ಈಗ ಬರುತ್ತಾಳೆ, ಯಾಕೆಂದರೆ ಬೇಡ ಅನ್ನುವವಳು ಅವಳೇ.

ರವಿಕಿರಣ್ ಆಗಲೇ ಫೋನು ಹಿಡಿದು ಫೋಟೋಕ್ಕೆ ಇಳಿದಿದ್ದ. ಮೊದಲು ಕುರಿಗಳ ಜೊತೆ, ಆಮೇಲೆ ಒಂದು ಮುರುಕು ಗೋಡೆಯ ಜೊತೆ. ನಂತರ ಬಾಗಿಲಲ್ಲಿ ನಿಂತಿದ್ದ ರಾಮಕ್ಕನನ್ನು ಕಂಡ. "ಅಜ್ಜೀ, ಆ ಮೊರ ಸ್ವಲ್ಪ ಕೈಲಿ ಹಿಡ್ಕಳಿ. ಹಾಂ, ಹಂಗೆ ಬಗ್ಗಿ."

"ಯಾರಪ್ಪಾ ಅಜ್ಜಿ?" ಅಂದಳು ರಾಮಕ್ಕ. "ನಿಮ್ಮಕ್ಕನ ವಾರಿಗೆ ಕಣಪ್ಪ ನಾನು. ನೀನು ಬಗ್ಗು, ನಾನು ತೆಗಿತೀನಿ."

ರವಿಕಿರಣ್ ನಕ್ಕು ಭೀಮರಾಜುವಿನ ಹೆಗಲ ಮೇಲೆ ಕೈಹಾಕಿದ. "ಕಾಡುಪ್ರಾಣಿ ಏನಾದ್ರೂ ಇದ್ಯೇನ್ರೀ ಈ ಕಡೆ? ಚಿರತೆ, ಕರಡಿ? ಇದ್ರೆ ಜಾಗಕ್ಕೆ ಬೆಲೆ."

ಅಂಗಳದಲ್ಲಿ ನಿಂತಿದ್ದ ಹದಿಮೂರು ಮನೆಯವರ ಬಾಯಿ ಒಮ್ಮೆ ತೆರೆದು ಮುಚ್ಚಿಕೊಂಡಿತು. ಮೂರು ದಿನದ ಹಿಂದೆಯಷ್ಟೇ ಕರಡಿಯೊಂದು ಮರಿ ಸಮೇತ ಬಂದು ಹಲಸಿನಹಣ್ಣು ತಿಂದು ಹೋಗಿತ್ತು. ಗಿರಿಜಾಂಬಿಕಾ ಮೇಡಂ ಕಣ್ಣಲ್ಲೇ ಬೆತ್ತ ಎತ್ತಿದರು.

"ಮೊಲ ಐತೆ," ಅಂದ ಭೀಮರಾಜು.

"ಒಂದು ಕರಡಿನೂ ಇಲ್ವಾ?" ರವಿಕಿರಣನ ಮುಖ ಸಪ್ಪಗಾಯಿತು. "ಛೇ!"

ಅಷ್ಟರಲ್ಲಿ ಶ್ರೀರಂಗಯ್ಯ ಹೊಸ್ತಿಲು ದಾಟಿದರು. ದಾಟಿದವರೇ ತಲೆ ಎತ್ತಿದರು. ಪಡಸಾಲೆಯಿಂದ ಕೊಟ್ಟಿಗೆಯ ಅಟ್ಟ ನೇರವಾಗಿ ಕಾಣುತ್ತಿತ್ತು. ಅವರ ಕತ್ತಿನ ನರಗಳು ಬಿಗಿದು, ಗಂಟಲ ಗಂಟು ಒಮ್ಮೆ ಮೇಲೆ ಹೋಗಿ ಕೆಳಗಿಳಿಯಿತು. ಆಮೇಲೆ ಅವರು ಕೂತರು. ಕಾಫಿಯನ್ನೂ ಕುಡಿದರು.

"ಎಂಟು ಸಾವಿರ ಇರಬೌದು," ಅಂದರು ಶ್ರೀರಂಗಯ್ಯ.

"ಹತ್ತು," ಅಂದರು ಗಿರಿಜಾಂಬಿಕಾ ಮೇಡಂ. "ಇನ್ನೂ ಹಿಂದುಗಡೆ ಇದೆ."

ಅಡುಗೆಮನೆಯ ಬಾಗಿಲಲ್ಲಿ ಪವಿತ್ರಾ ಕೂತಿದ್ದಳು. ಅವಳಿಗೂ ಮನೆಯ ಘನತೆ ಗೊತ್ತಾಗಲಿ ಎಂದು ರಾಮಕ್ಕ ಮುಂದಕ್ಕೆ ಸರಿದಳು. ತನ್ನ ಮನೆಯಿಂದಲೇ ತಂದಿಟ್ಟಿದ್ದ ಎರಡು ದೊಡ್ಡ ಹಂಡೆಗಳನ್ನು ತೋರಿಸಿ ಹೇಳಿದಳು: "ಕಾಯ್ ಸುಲಿಯೋ ಕಾಲ್ದಾಗೆ ನೋಡ್ಬೇಕು ಕಣವ್ವ ಈ ಮನೇನ. ಇಪ್ಪತ್ತು ಆಳು, ಹದಿನೈದು ದಿನ, ಮೂರ್ ಹೊತ್ತೂ ಇಲ್ಲೇ ಉಣ್ಣಾದು. ಚಿಕ್ಕಗಂಗಮ್ಮುಂಗೆ ಇನ್ನೇನ್ ಆಗ್ತದೆ, ಎಲ್ಲಾ ನಿನ್ ಕೈಗೇ ಬತ್ತದೆ."

ಪವಿತ್ರಾ ಹಂಡೆ ನೋಡಿದಳು. ಆಮೇಲೆ ಅಟ್ಟ ನೋಡಿದಳು. ಎದ್ದು, "ನಾನು ಅವರ ಹತ್ರ ಸ್ವಲ್ಪ ಮಾತಾಡಬೇಕು" ಅಂದಳು.

ಇಬ್ಬರನ್ನೂ ಊರ ಮುಂದಿನ ಬಂಡೆಗೆ ಕಳಿಸಿದರು. ಸಾಲಾಗಿ ಕೂರುವ ಎಂಟು ಮಂದಿ ಆವತ್ತು ಜಾಗ ಬಿಟ್ಟುಕೊಟ್ಟು, ದೂರದ ಹುಣಸೆಮರದ ಕೆಳಗೆ ನಿಂತು ಬೇರೆ ಕಡೆ ನೋಡುವ ನಾಟಕವಾಡಿದರು.

"ಅಷ್ಟೂ ಕಾಯಿ ನಿಮ್ಮದೇನಾ?" ಕೇಳಿದಳು ಪವಿತ್ರಾ.

"ಹೂಂ ಕಣ್ರೀ."

"ಹಾಗಾದ್ರೆ ನಂಗೆ ಈ ಸಂಬಂಧ ಬೇಡ."

ಭೀಮರಾಜುವಿಗೆ ಅರ್ಥವಾಗಲಿಲ್ಲ. ಇಲ್ಲ ಅನ್ನುವುದಕ್ಕೆ ಈವರೆಗೆ ಕೇಳಿದ್ದ ಕಾರಣಗಳಲ್ಲಿ ಕಾಯಿ ಜಾಸ್ತಿಯಾಯಿತು ಎಂಬುದು ಇರಲಿಲ್ಲ.

"ನಮ್ಮನೇಲಿ ಹನ್ನೆರಡು ಸಾವಿರ ಕಾಯಿ," ಅಂದಳು ಅವಳು. "ಸುಲಿಯೋರು ಬಂದ್ರೆ ನಮ್ಮಮ್ಮ ಕತ್ತಲಲ್ಲೇ ಎದ್ದು ಮುದ್ದೆ ತೊಳಸೋರು. ಅವರ ಸೊಂಟ ಹೋಯ್ತು. ಈಗ ಹಿಟ್ಟಿನ ಕೋಲು ನನ್ನ ಕೈಲಿದೆ. ಹದಿನೈದು ಆಳಿಗೆ ತೊಳಸಿಟ್ಟು ಸ್ಕೂಲಿಗೆ ಹೋಗ್ತೀನಿ. ಬೋರ್ಡಿನ ಮೇಲೆ ಬರೆಯೋಕೆ ಕೈ ಎತ್ತಿದ್ರೆ ಹೆಗಲು ಬರಲ್ಲ. ಗುಡ್ಡದ ಮೇಲೆ ಸಣ್ಣ ಮನೆ, ತಾಯಿ ಮಗ ಇಬ್ಬರೇ ಅಂತ ಮೇಡಂ ಹೇಳಿದ್ರು. ಬಸ್ಸಿಲ್ದಿದ್ರೂ ಪರವಾಗಿಲ್ಲ, ಸ್ಕೂಟಿ ಇದೆ ಅಂದ್ಕೊಂಡು ಬಂದೆ. ಇಲ್ಲಿ ನೋಡಿದ್ರೆ ಇಪ್ಪತ್ತು ಆಳಂತೆ."

ಭೀಮರಾಜು ಹುಣಸೆಮರದ ಕಡೆ ನೋಡಿದ, ಕಣಿವೆಯ ಕಡೆ ನೋಡಿದ.

"ಅವು ನಮ್ದಲ್ಲ ಕಣ್ರೀ."

"ಯಾವುವು?"

"ಕಾಯಿ. ನಂದು ಒಂದು ಮೂಲೇದು, ಮೂರು ಸಾವಿರ. ಮಿಕ್ಕಿದ್ದು ಊರಿಂದು. ಹಂಡೇನೂ ನಮ್ದಲ್ಲ. ಆಳುಗಳೂ ಇಲ್ಲ. ನಾನೂ ನಮ್ಮವ್ವನೂ ಕೂತ್ಕಂಡು ಸುಲಿತೀವಿ. ಸುಲಿಯೋ ದಿನ ಅನ್ನ ತಿಳಿಸಾರು ನಾನೇ ಮಾಡಾದು."

ಪವಿತ್ರಾ ಅವನ ಮುಖವನ್ನೇ ನೋಡಿದಳು. ಆಮೇಲೆ ಸೆರಗು ಬಾಯಿಗೆ ಅಡ್ಡ ಹಿಡಿದು ನಗತೊಡಗಿದಳು. ತುಂಬಾ ಹೊತ್ತು ನಕ್ಕಳು.

"ನಮ್ಮಪ್ಪನ್ನ ಮೆಚ್ಚಿಸೋಕೆ ಇಡೀ ಊರು ಕಾಯಿ ಹೊತ್ರಾ?"

"ಹೂಂ."

"ಕರಡೀನೂ ಇದೆ ಅಲ್ವಾ?"

"ಎರಡವೆ. ಮರಿ ಸೇರಿ."

"ಸರಿ," ಅಂದಳು ಕಣ್ಣೊರೆಸಿಕೊಂಡು. "ಹೋಗಿ ನಮ್ಮಪ್ಪನಿಗೆ ನೀವೇ ಹೇಳಿ. ಬೈತಾರೆ, ಬೈಸ್ಕೊಳ್ಳಿ. ಆಮೇಲೆ ಒಪ್ಪಿಸೋದು ನನಗೆ ಬಿಡಿ. ಆದ್ರೆ ಹೇಳೋದು ಮಾತ್ರ ನೀವೇ ಹೇಳ್ಬೇಕು, ಇವತ್ತೇ."

ಭೀಮರಾಜು ಓಡುನಡಿಗೆಯಲ್ಲಿ ಮನೆಗೆ ಬಂದ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡ. ಆದರೆ ಅವನು ಬಾಗಿಲಿಗೆ ಬರುವಷ್ಟರಲ್ಲಿ ಶ್ರೀರಂಗಯ್ಯ ಎದ್ದು ನಿಂತಿದ್ದರು. ಅಂಗಳದಲ್ಲಿ ಹದಿಮೂರು ಮನೆಯವರೂ ಕಿವಿ ನಿಮಿರಿಸಿದ್ದರು.

"ನಂಗೆ ಒಪ್ಪಿಗೆ ಕಣಮ್ಮಾ," ಎಂದು ಶ್ರೀರಂಗಯ್ಯ ಚಿಕ್ಕಗಂಗಮ್ಮನಿಗೆ ಹೇಳುತ್ತಿದ್ದರು. "ತಿಪಟೂರಲ್ಲೇ ಛತ್ರ ಹಿಡಿಯೋಣ. ಖರ್ಚಿಗೆ ನೀವೇನೂ ಯೋಚನೆ ಮಾಡೋದು ಬ್ಯಾಡ, ಅಟ್ಟದ ಮ್ಯಾಲೇ ಐತಲ್ಲ. ರವಿ, ನಿಮ್ಮ ಮಂಡಿಯೋರಿಗೆ ಫೋನ್ ಹಾಕು. ಲಾರಿ ಕಳಿಸ್ಲಿ. ಒಣಗಿದ್ದು ಕೊಬ್ಬರಿಗೆ ಹೋಗ್ಲಿ, ಹಸೀದು ಹಂಗೇ ಹೋಗ್ಲಿ. ಅಟ್ಟ ಖಾಲಿ ಮಾಡ್ಸು."

"ಇವಾಗ್ಲೇ ಹಾಕ್ದೆ ಭಾವಾ," ಎಂದು ರವಿಕಿರಣ್ ಸಿಗ್ನಲ್ ಹುಡುಕುತ್ತ ಅಂಗಳಕ್ಕೆ ಇಳಿದ.

ಮೊದಲು ಬಾಯಿ ಬಿಟ್ಟವಳು ರಾಮಕ್ಕ.

"ಯಜಮಾನ್ರೇ, ಮದ್ವೆ ಮಾಡಿ, ಬ್ಯಾಡ ಅನ್ನಲ್ಲ. ಆದ್ರೆ ಅದ್ರಾಗೆ ನಮ್ಮವು ಸಾವಿರ ಬುಟ್ಟು ಹೇಳಿ."

"ನಿಮ್ಮವಾ?"

"ನಮ್ಮವು ಎಂಟ್ನೂರವೆ," ಅಂದ ಇನ್ನೊಬ್ಬ.

"ಲೇ, ನಾನ್ ಕೊಟ್ಟಿದ್ದು ಒಣಗಿದ್ದು ಕಣ್ಲಾ!" ಅಂದ ಮತ್ತೊಬ್ಬ. ಅವನು ಕೊಟ್ಟಿದ್ದು ಅಪ್ಪಟ ಹಸಿಕಾಯಿ.

ಇದೇ ಸಮಯ ಎಂದು ಭೀಮರಾಜು ಬಾಯಿ ತೆರೆದ. "ಯಜಮಾನ್ರೇ, ನಾನೊಂದ್ ಮಾತು..." ಅನ್ನುವಷ್ಟರಲ್ಲಿ ಅವನನ್ನು ನೂಕಿಕೊಂಡು ಹತ್ತು ಹನ್ನೆರಡು ಮಂದಿ ಕೊಟ್ಟಿಗೆಗೆ ನುಗ್ಗಿದರು. ಲಾರಿ ಕ್ರಾಸಿನಲ್ಲೇ ನಿಂತಿದೆಯೇನೋ ಎಂಬಂತೆ ಏಣಿಗೆ ಮುತ್ತಿದರು. ಹಿಂದಿನ ದಿನ ಸಾಲಾಗಿ ನಿಂತು ಕಾಯಿ ದಾಟಿಸಿದ ಕೈಗಳು ಈಗ ಒಬ್ಬರ ಕಾಲನ್ನೊಬ್ಬರು ಹಿಡಿದು ಎಳೆದವು. ರಾಮಕ್ಕನ ಮಗ ಮೇಲೆ ಹತ್ತಿದ. ಅವನ ಹಿಂದೆ ಇನ್ನಿಬ್ಬರು ಹತ್ತಿದರು. ನಾಲ್ಕನೆಯವನು ಕಾಲಿಟ್ಟಾಗ ಅಟ್ಟದ ತೊಲೆ ಮುದುಕನ ಹಾಗೆ ಒಮ್ಮೆ ನರಳಿ, ನಡುವಿಗೆ ಮುರಿಯಿತು.

ಹತ್ತು ಸಾವಿರ ಕಾಯಿ ಒಟ್ಟಿಗೆ ಬೀಳುವ ಸದ್ದನ್ನು ಆ ಗುಡ್ಡ ಹಿಂದೆ ಕೇಳಿರಲಿಲ್ಲ. ಹಸುಗಳು ಮೇಯಲು ಹೋಗಿದ್ದರಿಂದ ಉಳಿದವು. ಏಣಿಯ ಬುಡದಲ್ಲಿದ್ದವರು ತೊಲೆ ನರಳುತ್ತಲೇ ಹೊರಗೆ ಹಾರಿದ್ದರು, ಮೇಲಿದ್ದ ನಾಲ್ವರು ಕಾಯಿಯ ಮೇಲೆ ಬಿದ್ದು ಉರುಳಿ ಪಾರಾದರು. ಕಾಯಿ ಕೊಟ್ಟಿಗೆ ತುಂಬಿ, ಪಡಸಾಲೆ ತುಂಬಿ, ಬಾಗಿಲಿನಿಂದ ಅಂಗಳಕ್ಕೆ, ಅಂಗಳದಿಂದ ಇಳಿಜಾರಿಗೆ ಉರುಳಿದವು. ಹೊಸ್ತಿಲಲ್ಲಿದ್ದ ಶ್ರೀರಂಗಯ್ಯ ಮೊಣಕಾಲಿನವರೆಗೆ ಕಾಯಿಯಲ್ಲಿ ಹೂತು ನಿಂತರು. ಅವರ ಬಾಳಿನಲ್ಲಿ ಕಾಯಿಯ ನಡುವೆ ನಿಂತು ಸಂತೋಷವಾಗದ ದಿನ ಅದೊಂದೇ.

"ಏನ್ರಯ್ಯಾ ಇದು?" ಅಂದರು. "ಊರಿಗ್ ಊರೇ ನಾಟಕಾನಾ?"

ಊರಿನವರೆಲ್ಲ ರಾಶಿಯೊಳಗೆ ಕೂತು ಒಂದೊಂದೇ ಕಾಯಿ ಎತ್ತಿ ಕಿವಿಯ ಬಳಿ ಅಲ್ಲಾಡಿಸುತ್ತಿದ್ದರು. ಒಳಗೆ ನೀರು ಕುಲುಕಿದರೆ ಪಕ್ಕಕ್ಕೆ ಎಸೆಯುತ್ತಿದ್ದರು. ಲೊಡಲೊಡ ಅಂದರೆ ಮಡಿಲಿಗೆ ಹಾಕಿಕೊಳ್ಳುತ್ತಿದ್ದರು. ಒಣಗಿದ್ದೆಲ್ಲ ಎಲ್ಲರದಾಗಿತ್ತು, ಹಸಿಯದು ಯಾರದೂ ಆಗಿರಲಿಲ್ಲ.

ಭೀಮರಾಜು ಶ್ರೀರಂಗಯ್ಯನವರ ಕಡೆಗೆ ಹೊರಟ. ರಾಮಕ್ಕನ ಮಡಿಲಲ್ಲಿ ಹತ್ತು ಒಣಕಾಯಿ ಸೇರಿದ್ದವು. ಅವು ಅವನವು. ಅವನು ಮಂಡಿಯೂರಿ ಕೂತ.

"ಆ ಲೊಡಲೊಡ ಅನ್ನಾವೆಲ್ಲ ನಂದು ಕಣಕ್ಕೋ, ಬುಡು!"

"ಲೊಡಲೊಡ ಅನ್ನೋಕೆ ನಿನ್ ಕಾಯಿಗ್ ಮಾತ್ರ ಬಾಯಿ ಐತಾ?"

ಅವನು ಒಂದನ್ನು ಎತ್ತಿ ಅಲ್ಲಾಡಿಸಿದ. ಲೊಡಲೊಡ. ಹಿಂದಕ್ಕೆ ಹಾಕಿಕೊಂಡ. ಇನ್ನೊಂದು. ನೀರು. ಎಸೆದ. ಇನ್ನೊಂದು.

ಶ್ರೀರಂಗಯ್ಯ ಕಾಯಿಯಿಂದ ಕಾಲು ಕಿತ್ತುಕೊಂಡು ಕಾರಿನಲ್ಲಿ ಹೋಗಿ ಕೂತರು. ಗಿರಿಜಾಂಬಿಕಾ ಮೇಡಂ ಅವರ ಪಕ್ಕದಲ್ಲೇ ಕೂತು, ತಮಗೂ ಇದಕ್ಕೂ ಸಂಬಂಧವಿಲ್ಲ ಎಂಬಂತೆ ಕನ್ನಡಕ ಒರೆಸಿದರು. ಬಂಡೆಯಿಂದ ಬಂದಿದ್ದ ಪವಿತ್ರಾ ಮಾತ್ರ ಹತ್ತಲಿಲ್ಲ. ಅಪ್ಪ ಕರೆದರೂ ಕಾರಿನ ಬಾಗಿಲು ಹಿಡಿದು ನಿಂತಳು. ಆಮೇಲೆ ಅಂಗಳದವರೆಗೂ ಬಂದಳು.

"ಭೀಮರಾಜು ಅವರೇ."

"ಬಂದೆ ಕಣ್ರೀ, ಒಂದ್ನಿಮಿಷ."

"ಅಪ್ಪ ಹೊರಟಿದಾರೆ. ಹೇಳೋದಿದ್ರೆ ಈಗಲೇ ಬಂದು ಹೇಳಿ."

"ಬಂದೇಬುಟ್ಟೆ. ಇದೊಂದು ಮೂಲೆ ನೋಡ್ಕಂಬುಟ್ಟು ಬತ್ತೀನಿ."

ಕಿವಿಯ ಬಳಿ ಕಾಯಿ ಹಿಡಿದುಕೊಂಡೇ ಅವನು ಹೇಳಿದ. ತಲೆ ಎತ್ತಲಿಲ್ಲ. ಎತ್ತಿದ್ದರೆ ರಾಮಕ್ಕನ ಮಗ ಎಡಗಡೆಯಿಂದ ಮೂರು ಕಾಯಿ ಸರಿಸಿಕೊಳ್ಳುತ್ತಿದ್ದ.

ಪವಿತ್ರಾ ಇನ್ನೂ ಸ್ವಲ್ಪ ಹೊತ್ತು ನಿಂತಳು. ಚಿಕ್ಕಗಂಗಮ್ಮ ಒಳಗಿನಿಂದ ಕುಂಕುಮದ ಬಟ್ಟಲು ತಂದು ಅವಳಿಗೆ ಹಚ್ಚಿ, ಕೆನ್ನೆ ಮುಟ್ಟಿದಳು. ಹುಡುಗಿ ಬಗ್ಗಿ ಅವಳ ಕಾಲು ಮುಟ್ಟಿ, ಹೋಗಿ ಕಾರು ಹತ್ತಿದಳು. ಕೊನೆಯಲ್ಲಿ ಓಡಿಬಂದ ರವಿಕಿರಣ್, ಇಳಿಜಾರಿಗೆ ಉರುಳಿದ್ದ ಕಾಯಿಗಳಲ್ಲಿ ಎರಡನ್ನು ಎತ್ತಿ ಡಿಕ್ಕಿಗೆ ಹಾಕಿಕೊಂಡ.

ಭೀಮರಾಜು ತನ್ನವೆನಿಸಿದ ಒಣಕಾಯಿಗಳನ್ನೆಲ್ಲ ಗೋಡೆಯ ಬಳಿ ಗುಡ್ಡೆ ಹಾಕಿ, ಅದರ ಮೇಲೆ ಟಾರ್ಪಾಲು ಮುಚ್ಚಿ, ಬೆವರು ಒರೆಸಿಕೊಂಡು ಹೊರಗೆ ಬಂದ. ಹೇಳಬೇಕಾದ ಮಾತು ಅವನಿಗೆ ಅಕ್ಷರ ಬಿಡದೆ ನೆನಪಿತ್ತು. ಅಂಗಳದಲ್ಲಿ ಯಾರೂ ಇರಲಿಲ್ಲ. ಕೆಳಗೆ, ಕ್ರಾಸಿನ ಬಳಿ, ಕಾರು ಡಾಂಬರು ರಸ್ತೆಗೆ ಹತ್ತಿ ತುರುವೇಕೆರೆಯ ಕಡೆ ತಿರುಗಿತು.

ಬಿದ್ದ ಕಾಯಿಯ ಹಣೆಬರಹ ಹೊರಗಿನಿಂದ ಗೊತ್ತಾಗುವುದಿಲ್ಲ. ಸಿಪ್ಪೆ ನೆಟ್ಟಗೇ ಇರುತ್ತದೆ, ಒಳಗೆ ಚಿಪ್ಪು ಬಿರಿದು ಉಂಡೆ ಚೂರಾಗಿರುತ್ತದೆ. ಮುಂದಿನ ತಿಂಗಳು ತಾಯಿ ಮಗ ಕೂತು ಸುಲಿದಾಗ ಎಲ್ಲವೂ ತಿಳಿಯಿತು. ಹೋದದ್ದು ಇಷ್ಟು: ಒಣಕಾಯಿ ಸಾವಿರದ ಏಳುನೂರು, ತೊಲೆ ಒಂದು, ಹೆಣ್ಣು ಒಂದು.